ಕಾಂಟೆಸ್ಸಾಗೆ ಜೋಡಿ ಕಾರ್ಬುರೇಟರೋ, ಇಂಜೆಕ್ಷನ್ನೋ: ಬಳ್ಳಾರಿಯ ಬಿಸಿಲಿನಲ್ಲಿ ಒಂದು ಹೋಲಿಕೆ

ಹಿಂದಿನ ಗಾಲಿಗಳಿಗೆ ಶಕ್ತಿ ಹೋಗುವ, ಉದ್ದ ಮೂತಿಯ, ಮಸಲ್ ಕಾರ್ ಎನ್ನಿಸಿಕೊಳ್ಳಬಲ್ಲ ಹಳೆಯ ಕಾರನ್ನು ಹುಡುಕುವವರಿಗೆ ನಮ್ಮ ದೇಶದಲ್ಲಿ ಹಿಂದುಸ್ತಾನ್ ಕಾಂಟೆಸ್ಸಾ ಬಿಟ್ಟರೆ ಹೆಚ್ಚಿನ ಆಯ್ಕೆಗಳಿಲ್ಲ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಮಾದರಿಯನ್ನು ಆಧರಿಸಿ 1980ರ ದಶಕದಲ್ಲಿ ಬಂದು 2002ರಲ್ಲಿ ನಿಂತುಹೋದ ಈ ಕಾರಿನ ಮೊದಲ 1.5 ಲೀಟರ್ ಎಂಜಿನ್ ಅದರ ಭಾರಕ್ಕೆ ಸಾಲುತ್ತಿರಲಿಲ್ಲ. ಮುಂದೆ ಬಂದ ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಮಾತ್ರ ಹಣ ಹಾಕಬಹುದು. ಬಳ್ಳಾರಿಯ ರಸ್ತೆಗೂ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಸಲ್ಲಬೇಕೆಂದು ಕಟ್ಟಿಸಿದ ನನ್ನ ಕಾಂಟೆಸ್ಸಾದಲ್ಲಿ ಈ ಎಂಜಿನ್ನಿಗೆ ಮೊದಲು ಒಳಬರುವ ಗಾಳಿಯ ಎಳೆತದಿಂದಲೇ ಪೆಟ್ರೋಲನ್ನು ಬೆರೆಸುವ ಎರಡು ವೆಬರ್ 40 ಡಿಸಿಒಇ ಕಾರ್ಬುರೇಟರ್‌ಗಳನ್ನೂ, ಆಮೇಲೆ ಎಂಜಿನ್ನಿಗೆ ಗಾಳಿ ಒಯ್ಯುವ ಅದೇ ಮ್ಯಾನಿಫೋಲ್ಡಿನ ಮೇಲೆ ಕೂರುವ ಥ್ರಾಟಲ್ ಬಾಡಿಗಳ (ಗಾಳಿಯ ಕವಾಟಗಳ), ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ನನ್ನೂ ಹಾಕಿ ಓಡಿಸಿದ್ದೇನೆ. ಕ್ಯಾಮ್, ಎಕ್ಸಾಸ್ಟ್, ಗೇರ್‌ಬಾಕ್ಸ್, ಟೈರು ಯಾವುದನ್ನೂ ಬದಲಿಸದ ಕಾರಣ ಕಂಡ ವ್ಯತ್ಯಾಸವೆಲ್ಲ ಪೆಟ್ರೋಲನ್ನು ಎಂಜಿನ್ನಿಗೆ ಉಣಿಸುವ ರೀತಿಯದ್ದೇ ಎನ್ನಬಹುದು.

ಎಲ್ಲರೂ ಮೊದಲು ಕೇಳುವುದು ಅಶ್ವಶಕ್ತಿಯನ್ನು. ಅದರಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ. ಕಾರ್ಬುರೇಟರಿನೊಳಗೆ ಗಾಳಿಯ ದಾರಿ ಕಿರಿದಾಗುವ ವೆಂಚುರಿಯ ಇಕ್ಕಟ್ಟು ಇಂಜೆಕ್ಷನ್ನಿನಲ್ಲಿ ಇಲ್ಲವಾದ್ದರಿಂದ ಮೇಲಿನ ಆರ್‌ಪಿಎಂನಲ್ಲಿ ಕೊಂಚ ಹೆಚ್ಚು ಉಸಿರು ಸಿಗುತ್ತದೆ, ಅಷ್ಟೇ. ಪೂರ್ತಿ ಆಕ್ಸಲರೇಟರ್ ತುಳಿದಾಗಿನ ಜೋಡಿ ವೆಬರ್‌ಗಳ ಗರ್ಜನೆ ಇಂಜೆಕ್ಷನ್ನಿಗೆ ಬರಲಿಲ್ಲ ಎಂಬುದನ್ನೂ ಹೇಳಲೇಬೇಕು. ಕಿವಿಯೊಂದೇ ತೀರ್ಪುಗಾರನಾಗಿದ್ದರೆ ಈ ಹೋಲಿಕೆ ಇಲ್ಲಿಗೇ ಮುಗಿಯುತ್ತಿತ್ತು.

ನಿಜವಾದ ಅಂತರವನ್ನು ತೋರಿಸಿದ್ದು ನಮ್ಮೂರಿನ ಬಿಸಿಲು. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ, ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿಯ ಗಾಳಿಯೇ ಅಷ್ಟು ಬಿಸಿಯಿರುತ್ತದೆ. ಹೊಸಪೇಟೆ ಹೆದ್ದಾರಿಯಲ್ಲಿ ಜೋರಾಗಿ ಬಂದು ತೋರಣಗಲ್ಲಿನ ಬಳಿ ಚಹಾಕ್ಕೆಂದು ನಿಲ್ಲಿಸಿದರೆ, ಬಾನೆಟ್ಟಿನೊಳಗೆ ಗಾಳಿಯಾಡದೆ ಎಕ್ಸಾಸ್ಟಿನ ಕಾವು ಮೇಲೇರಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ತುಂಬಿಟ್ಟುಕೊಳ್ಳುವ ಸಣ್ಣ ಬಟ್ಟಲಾದ ಫ್ಲೋಟ್ ಬೌಲಿನ ಪೆಟ್ರೋಲನ್ನು ಕುದಿಸುತ್ತದೆ. ಅದು ಉಕ್ಕಿ ಮ್ಯಾನಿಫೋಲ್ಡಿಗೆ ಇಳಿಯುವುದರಿಂದ ಮತ್ತೆ ಸ್ಟಾರ್ಟ್ ಮಾಡುವಾಗ ಎಂಜಿನ್ ಕೆಮ್ಮುತ್ತದೆ. ಕಾರ್ಬುರೇಟರಿನ ಕೆಳಗೆ ಅಲ್ಯೂಮಿನಿಯಂ ತಗಡು, ಮ್ಯಾನಿಫೋಲ್ಡಿಗೂ ಅದಕ್ಕೂ ನಡುವೆ ಬೇಕಲೈಟ್ ಪಟ್ಟಿ, ಟ್ಯಾಂಕಿಗೆ ಮರಳುವ ಪೈಪು ಇವೆಲ್ಲ ಹಾಕಿಸಿದ ಮೇಲೆ ತೊಂದರೆ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಸುಮಾರು 3 ಬಾರ್ ಒತ್ತಡದಲ್ಲಿರುವುದರಿಂದ ಅಷ್ಟು ಸುಲಭವಾಗಿ ಕುದಿಯುವುದಿಲ್ಲ, ಮೇಲಾಗಿ ಅದು ಸದಾ ಹರಿಯುತ್ತ ಟ್ಯಾಂಕಿಗೆ ಮರಳುತ್ತಿರುತ್ತದೆ. ಅದೇ ಜಾಗದಲ್ಲಿ, ಅದೇ ಮಧ್ಯಾಹ್ನದ ಹೊತ್ತಿನಲ್ಲಿ ಕಾರು ಕೀ ತಿರುಗಿಸಿದೊಡನೆ ಎದ್ದಿತು.

ಬಂಕಿನಲ್ಲಿ ಈಗ ಸಿಗುವ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಶುದ್ಧ ಪೆಟ್ರೋಲಿನ 1 ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಭಾಗ ಸಾಕು, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಳೆಯ ಜೆಟ್‌ನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗಿ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ) ಎಂಜಿನ್ ಬಿಸಿಯಾಗುತ್ತದೆ. ವೆಬರ್ ಜೆಟ್‌ಗಳ ಸಂಖ್ಯೆ ಮಿಲಿಮೀಟರಿನ ನೂರನೇ ಭಾಗದಲ್ಲಿ ಅವುಗಳ ರಂಧ್ರದ ವ್ಯಾಸವನ್ನು ಹೇಳುತ್ತದೆ. 130ರ ಬದಲು 135 ಹಾಕಿದರೆ ರಂಧ್ರದ ವಿಸ್ತೀರ್ಣ ಸುಮಾರು ಶೇ. 8ರಷ್ಟು ಹೆಚ್ಚುವುದರಿಂದ ಲೆಕ್ಕ ಸರಿಹೋಗುತ್ತದೆ. ಕೆಲಸ ಕಷ್ಟದ್ದಲ್ಲ, ಸ್ಕ್ರೂಡ್ರೈವರ್ ಸಾಕು. ಆದರೆ ಟ್ರ್ಯಾಕಿಗೆ ಹೋದಾಗ ಮತ್ತೆ ಅದೇ ಪ್ರಶ್ನೆ ಏಳುತ್ತದೆ: ಬಳ್ಳಾರಿ ಸಮುದ್ರ ಮಟ್ಟದಿಂದ 450 ಮೀಟರಿಗೂ ಮೇಲಿದೆ, ಚೆನ್ನೈ ಕಡೆ ಗಾಳಿ ಶೇ. 5ರಷ್ಟು ಹೆಚ್ಚು ದಟ್ಟ. ಇದನ್ನು ಅರಿಯಲಾರದ ಕಾರ್ಬುರೇಟರ್ ಅಲ್ಲಿ ಮಿಶ್ರಣವನ್ನು ಶೇ. 2ರಿಂದ 3ರಷ್ಟು ತೆಳುವಾಗಿಸುತ್ತದೆ, ಅದೂ ಎಂಜಿನ್ ಅತಿ ಹೆಚ್ಚು ದುಡಿಯುವ ಜಾಗದಲ್ಲಿ. ಒತ್ತಡ ಮತ್ತು ಉಷ್ಣತೆಯ ಸೆನ್ಸರ್‌ಗಳಿರುವ ಇಂಜೆಕ್ಷನ್ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ.

ಅದಿರು ಲಾರಿಗಳ ಕೆಂಪು ಧೂಳಿಗೆ ಇಬ್ಬರೂ ಒಂದೇ. ಗಾಳಿ ಎಳೆಯುವ ತೆರೆದ ತುತ್ತೂರಿಗಳಿಗೆ (ಬಾಯಗಲದ ಕೊಳವೆಗಳಿಗೆ) ಬರೀ ಜಾಲರಿ ಕಟ್ಟಿ ಸಂಡೂರಿನ ಕಡೆ ಹೋಗುವವರು ಪಿಸ್ಟನ್ ರಿಂಗುಗಳ ಆಸೆ ಬಿಡುವುದು ಒಳ್ಳೆಯದು.

ಟ್ರ್ಯಾಕಿನಲ್ಲಿ ಮಾತ್ರ ನಾನು ನಿರೀಕ್ಷಿಸದ ಒಂದು ಅಂಶದಲ್ಲಿ ಕಾರ್ಬುರೇಟರ್ ಗೆದ್ದಿತು. ಟ್ಯಾಂಕು ಅರ್ಧಕ್ಕಿಂತ ಕೆಳಗಿದ್ದಾಗ ಉದ್ದನೆಯ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ವೆಬರ್‌ಗಳಿದ್ದಾಗ ಫ್ಲೋಟ್ ಬೌಲಿನಲ್ಲಿರುವ ಪೆಟ್ರೋಲೇ ಆ ಕೆಲವು ಕ್ಷಣಗಳನ್ನು ದಾಟಿಸುತ್ತಿತ್ತು, ಇಂಜೆಕ್ಷನ್ನಿನಲ್ಲಿ ಒತ್ತಡ ಕುಸಿದೊಡನೆ ಎಂಜಿನ್ ತಿರುವಿನ ನಡುವೆಯೇ ಸತ್ತಂತಾಗುತ್ತದೆ. ಡಿಕ್ಕಿಯಲ್ಲಿ ಸದಾ ಪೆಟ್ರೋಲ್ ತುಂಬಿರುವ ಎರಡು ಲೀಟರಿನ ಸಣ್ಣ ಸರ್ಜ್ ಟ್ಯಾಂಕ್ ಮತ್ತು ಎರಡನೆಯ ಪಂಪು ಕೂರಿಸಿದ ಬಳಿಕವೇ ಈ ತೊಂದರೆ ನೀಗಿತು. ಇಂಜೆಕ್ಷನ್ ಹಾಕಿಸುವವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನ್ನ ಅನುಭವದಲ್ಲಿ ಒಟ್ಟು ವೆಚ್ಚ ವೆಬರ್ ಜೋಡಿಯ ಎರಡರಷ್ಟನ್ನು ದಾಟಿತು.

ರಿಪೇರಿಯಲ್ಲೂ ಕಾರ್ಬುರೇಟರ್ ಮುಂದು. ಕೌಲ್ ಬಜಾರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಎರಡು ಕಾರ್ಬುರೇಟರ್‌ಗಳೂ ಸಮವಾಗಿ ಗಾಳಿ ಎಳೆಯುತ್ತಿವೆಯೇ ಎಂಬುದನ್ನು ರಬ್ಬರ್ ಪೈಪಿನ ತುದಿ ಕಿವಿಗಿಟ್ಟುಕೊಂಡೇ ಹೇಳಬಲ್ಲರು. ಇಂಜೆಕ್ಷನ್ನಿನ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಎಂಬ ಪಟ್ಟಿ) ತಿದ್ದಲು ಲ್ಯಾಪ್‌ಟಾಪ್ ಹಿಡಿದ ಟ್ಯೂನರ್ ಬೇಕು, ಅದಕ್ಕೆ ನಾನು 300 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕಾಯಿತು. ಹೊಗೆ ತಪಾಸಣೆಯಲ್ಲಿ ಮಾತ್ರ ಇಂಜೆಕ್ಷನ್ ನಿರಾಯಾಸವಾಗಿ ಪಾಸಾಗುತ್ತದೆ. ವೆಬರ್‌ಗಳ ಐಡ್ಲಿಂಗ್ ಮಿಶ್ರಣದಲ್ಲಿ ಪೆಟ್ರೋಲನ್ನು ಪ್ರತಿ ಸಲ ಇಳಿಸಿಕೊಂಡೇ ಹೋಗಬೇಕಿತ್ತು.

ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಹೊಸಪೇಟೆಯವರೆಗೆ ಹೋಗಿ ಬರುವ ಕಾರಿಗೆ ನಾನು ಇಂದಿಗೂ ಜೋಡಿ ವೆಬರ್‌ಗಳನ್ನೇ ಹೇಳುತ್ತೇನೆ. ನನ್ನ ಕಾರು ಬೇಸಿಗೆಯಲ್ಲೂ ಓಡಬೇಕು, ತಾನೇ ಓಡಿಕೊಂಡು ಟ್ರ್ಯಾಕಿಗೂ ಹೋಗಿ ಬರಬೇಕು. ಆದ್ದರಿಂದ ಅದರಲ್ಲಿ ಇಂಜೆಕ್ಷನ್ ಉಳಿದಿದೆ, ಜೊತೆಗೆ ದಾರಿಯಲ್ಲಿ ಕೈಕೊಡಬಹುದಾದ ಕ್ರ್ಯಾಂಕ್ ಸೆನ್ಸರ್, ಪಂಪಿನ ರಿಲೇ ಮತ್ತು ಫ್ಯೂಸುಗಳು ಒಂದೊಂದು ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇರುತ್ತವೆ.