ಪದ್ಮಿನಿಯ ಬಾಗಿಲಿಗೆ ಬ್ಯೂಟೈಲ್ ಹಾಳೆ: ಒಂದು ಮಳೆಗಾಲ ಕಳೆದ ಮೇಲೆ

ಅಪ್ಪನ 1986ರ ಪ್ರೀಮಿಯರ್ ಪದ್ಮಿನಿಗೆ ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿ, ಹೊಸ ರೆಕ್ಸಿನ್ ಹಾಕಿಸಿದರೂ ಬಾಗಿಲು ಮುಚ್ಚಿದರೆ ಬಿಸ್ಕತ್ತಿನ ಡಬ್ಬ ಬಿದ್ದ ಸದ್ದೇ. ಅದಕ್ಕೇ ಆನ್‌ಲೈನಿನಲ್ಲಿ ತಗಡಿನ ನಡುಕ ತಗ್ಗಿಸುವ ಬ್ಯೂಟೈಲ್ ರಬ್ಬರಿನ ಹಾಳೆ ತರಿಸಿದೆ. 2 ಮಿ.ಮೀ. ದಪ್ಪ, ಒಂದು ಮೈಗೆ ಅಲ್ಯೂಮಿನಿಯಂ, ಇನ್ನೊಂದು ಮೈಗೆ ಅಂಟು. 50 ಬೈ 80 ಸೆಂ.ಮೀ. ಅಳತೆಯ 10 ಹಾಳೆಗೆ 3,200 ರೂಪಾಯಿ. ಕೊಡಗಿನ ನಮ್ಮ ಗಾಳಿಬೀಡಿನ ಒಂದು ಮಳೆಗಾಲ ಪೂರ್ತಿ ಮುಗಿಯಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ. ಜುಲೈ ತಿಂಗಳೊಂದಕ್ಕೇ ನಮ್ಮ ತೋಟದ ಪುಸ್ತಕದಲ್ಲಿ 41 ಇಂಚು ಮಳೆ ಬರೆದಿದೆ.

ಸದ್ದಿನ ಮಟ್ಟಿಗೆ ಹಾಳೆಗೆ ಪೂರ್ತಿ ಅಂಕ. ಬಾಗಿಲಿನ ಹೊರ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ, ಎಲ್ಲಿ ಠಣ್ ಅನ್ನುತ್ತದೋ ಅಲ್ಲಿ ಒಳಮೈಗೆ ಅಂಟಿಸಿದೆ. ತಗಡು ನಡುಗಿದಾಗ ನಡುವಿನ ಬ್ಯೂಟೈಲ್ ಜಗ್ಗಿ ಆ ನಡುಕವನ್ನು ನುಂಗುತ್ತದೆ, ಅಷ್ಟೇ ಗುಟ್ಟು. ಹಾಗಾಗಿ ಅರ್ಧ ತಗಡು ಮುಚ್ಚಿದರೆ ಸಾಕು. ನಾಲ್ಕು ಬಾಗಿಲಿಗೆ ಮೂರೂವರೆ ಹಾಳೆಯಲ್ಲಿ ಕೆಲಸ ಮುಗಿಯಿತು. ಒಂದೊಂದು ಬಾಗಿಲಿಗೆ ಸುಮಾರು ಒಂದು ಕಿಲೋ ಭಾರ ಹೆಚ್ಚಿತು. ಹಳೇ ಹಿಂಜಿಗೆ ಅದಕ್ಕಿಂತ ಜಾಸ್ತಿ ಹೊರಿಸುವ ಮನಸ್ಸಿರಲಿಲ್ಲ. ಈಗ ಬಾಗಿಲು 'ಧಪ್' ಎಂದು ಕೂರುತ್ತದೆ. ಅಲ್ಯೂಮಿನಿಯಂ ಅಂಚು ಮಾತ್ರ ಬ್ಲೇಡಿನಂತಿದೆ, ಎರಡು ಬೆರಳು ಕೊಯ್ದುಕೊಂಡೆ.

ಆದರೆ ಪ್ಯಾಕಿನ ಮೇಲೆ ದೊಡ್ಡದಾಗಿ 'ವಾಟರ್‌ಪ್ರೂಫ್' ಎಂದು ಬರೆದದ್ದಕ್ಕೆ ನನ್ನ ತಕರಾರಿದೆ. ಹಾಳೆಗೆ ನೀರು ತಾಗಿದರೆ ಏನೂ ಆಗುವುದಿಲ್ಲ, ನಿಜ. ಬಾಗಿಲಿನ ನೀರನ್ನು ಅದು ತಡೆಯುತ್ತದೆ ಅಂದುಕೊಂಡರೆ ಮೋಸ ಹೋದಿರಿ. ಹಿಂದೊಮ್ಮೆ ನಾನು ಹಾಗೆಯೇ ಮೋಸ ಹೋಗಿದ್ದೆ. ಪೇಟೆಯ ಒಂದು ಆ್ಯಕ್ಸೆಸರಿ ಅಂಗಡಿಯವರು ಬಾಗಿಲೊಳಗೆ ದಪ್ಪ ಸ್ಪಂಜು ತುಂಬಿ, ತಳದ ತೂತುಗಳನ್ನೂ ಸೀಲೆಂಟ್ ಹಾಕಿ ಮುಚ್ಚಿದ್ದರು. ಎರಡು ಮಳೆಗಾಲ ಕಳೆದು ಬಿಚ್ಚಿದರೆ ಸ್ಪಂಜು ಹಿಂಡಿದಷ್ಟೂ ನೀರು, ಬಾಗಿಲಿನ ತಳ ತುಕ್ಕು ಹಿಡಿದು ಹಪ್ಪಳ.

ಟಿಂಕರಿಂಗ್ ಮೇಸ್ತ್ರಿ ನಕ್ಕರು. "ಸಾರ್, ಗ್ಲಾಸಿನ ಪಕ್ಕದಿಂದ ನೀರು ಇಳಿದೇ ಇಳೀತದೆ. ಅದಕ್ಕೆ ಹೊರಗೆ ಹೋಗ್ಲಿಕ್ಕೆ ದಾರಿ ಬಿಡ್ಬೇಕಲ್ಲ?"

ಗ್ಲಾಸಿನ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಎಷ್ಟೇ ಹೊಸದಿರಲಿ, ಗ್ಲಾಸಿನ ಮೇಲೆ ಹರಿದ ಮಳೆ ಬಾಗಿಲೊಳಕ್ಕೆ ಇಳಿಯುತ್ತದೆ. ಪದ್ಮಿನಿಯಲ್ಲಿ ಮುಂದಿನ ತ್ರಿಕೋನದ ಗ್ಲಾಸಿನ ರಬ್ಬರಿನಿಂದ ಇನ್ನಷ್ಟು. ಅದು ತಳದ ತೂತಿನಿಂದ ಹೊರಗೆ ಬೀಳಬೇಕು, ಹಾರ್ಡ್‌ಬೋರ್ಡಿನ ಒಳಹೊದಿಕೆಗೆ, ಅಂದರೆ ಡೋರ್ ಪ್ಯಾಡಿಗೆ, ತಾಗಬಾರದು. ಈ ಕೆಲಸವನ್ನು ನಾನು ಕಾಫಿ ಕಣಕ್ಕೆ ಹೊದಿಸಿ ಮಿಕ್ಕಿದ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಗಿಸಿದೆ, ಖರ್ಚು ಸೊನ್ನೆ. ಹಳೇ ಪ್ಯಾಡಿನ ಅಳತೆಗೆ ಕತ್ತರಿಸಿ, ಮೇಲೆ ಮತ್ತು ಪಕ್ಕಗಳಲ್ಲಿ ಬ್ಯೂಟೈಲ್ ಟೇಪು ಹಚ್ಚಿ ಅಂಟಿಸಿ, ಕೆಳ ಅಂಚನ್ನು ಬಾಗಿಲಿನ ಒಳಕ್ಕೇ ಸಿಕ್ಕಿಸಿದೆ. ಪ್ಲಾಸ್ಟಿಕ್ಕಿನ ಮೇಲೆ ಇಳಿದ ಹನಿ ಮತ್ತೆ ಬಾಗಿಲಿನ ಹೊಟ್ಟೆಗೇ ಬೀಳಲಿ ಎಂದು. ಆ ಕೆಳ ಅಂಚನ್ನು ಹೊರಗೆ ಬಿಟ್ಟರೆ ನೀರು ನೇರ ಕಾರ್ಪೆಟ್ಟಿಗೆ. ಕೊನೆಗೆ ತಳದ ಮಡಿಕೆಗೆ ಮೇಣದ ಸ್ಪ್ರೇ ಹೊಡೆದು, ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿದೆ.

ಇದನ್ನೆಲ್ಲ ಮಳೆಗಾಲದಲ್ಲಿ ಶುರು ಮಾಡಬೇಡಿ. ಥಂಡಿ ಹಿಡಿದ ತಗಡಿಗೆ ಅಂಟು ನಿಲ್ಲುವುದಿಲ್ಲ. ನಾನು ಕಾಫಿ ಕುಯ್ಲು ಮುಗಿಸಿ, ಕಾಫಿ ಹೂವರಳಿಸುವ ಹೂಮಳೆ ಬೀಳುವ ಮೊದಲು, ಫೆಬ್ರವರಿ ಬಿಸಿಲಿನಲ್ಲಿ ಥಿನ್ನರ್‌ನಿಂದ ಒರೆಸಿ ಹಚ್ಚಿದ್ದು. ನೆರಳಿದ್ದ ಕಡೆ ಮಗಳ ಹೇರ್ ಡ್ರೈಯರ್ ಬೇಕಾಯಿತು. (ಅವಳಿಗೆ ಹೊಸದು ಕೊಡಿಸಬೇಕಾದ ಖರ್ಚು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.)

ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮುಗಿದ ವಾರ ನಾಲ್ಕೂ ಪ್ಯಾಡ್ ತೆಗೆದು ನೋಡಿದೆ. ಮೂರು ಒಣಗಿದ್ದವು, ಬೂಸಲೂ ಇಲ್ಲ. ಎಡಗಡೆಯ ಹಿಂದಿನದರಲ್ಲಿ ಒಂದು ಕ್ಲಿಪ್ಪಿನ ಸುತ್ತ ಅಂಗೈಯಷ್ಟಗಲ ಒದ್ದೆ. ಅಲ್ಲಿ ಟೇಪು ಸಾಲದೆ ಎಳೆದು ಅಂಟಿಸಿದ್ದು ನಾನೇ. ಉಳಿದ ಹಾಳೆಗಳು ಡಿಕ್ಕಿಗೆ ಹೋಗಲಿವೆ, ಮುಂದಿನ ಫೆಬ್ರವರಿಗೆ.