ಗೋಡೌನ್ ಶೆಡ್‌ನ ಕೊಟೇಶನ್‌ಗೆ ಸೂಪರ್‌ಮಾರ್ಕೆಟ್ ಕಟ್ಟಿಸಬೇಡಿ

ಪಿಇಬಿ ಕಟ್ಟಡದಲ್ಲಿ (ಕಾರ್ಖಾನೆಯಲ್ಲೇ ತಯಾರಿಸಿದ ಉಕ್ಕಿನ ಭಾಗಗಳನ್ನು ತಂದು ಜೋಡಿಸುವ ಕಟ್ಟಡ) ದೊಡ್ಡ ಅಂಗಡಿ ತೆರೆಯಲು ಹೊರಟವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ.

30 ಮೀಟರ್ ಅಗಲ, 60 ಮೀಟರ್ ಉದ್ದ, ನಡುವೆ ಕಂಬವಿಲ್ಲದ ಸೂಪರ್‌ಮಾರ್ಕೆಟ್. ಒಳಗಿನ ಕೆಲಸ ಮುಗಿಯುವಷ್ಟರಲ್ಲಿ ಪರ್ಲಿನ್‌ಗಳು, ಅಂದರೆ ಛಾವಣಿ ಶೀಟು ಹೊರುವ ತೆಳು ಉಕ್ಕಿನ ಅಡ್ಡಪಟ್ಟಿಗಳು, ಕಣ್ಣಿಗೆ ಕಾಣುವಷ್ಟು ಬಾಗಿ, ಫಾಲ್ಸ್ ಸೀಲಿಂಗ್ ಅಲ್ಲಲ್ಲಿ ಜೋತುಬಿದ್ದಿತ್ತು. ಮುಂಗಾರಿಗೆ ಮೊದಲಿನ ಗಾಳಿಮಳೆ ಬೀಸಿದಾಗ ಮುಂಭಾಗದ ಛಾವಣಿ ಶೀಟುಗಳು ಸ್ಕ್ರೂ ಸಮೇತ ಕಿತ್ತುಬಂದವು. ಡ್ರಾಯಿಂಗ್ ತೆಗೆದು ನೋಡಿದರೆ, ಶೆಡ್ಡನ್ನು ಕೊಟೇಶನ್‌ನಲ್ಲಿ ಬರೆದಂತೆಯೇ ಕಟ್ಟಿದ್ದರು. ಆ ಕೊಟೇಶನ್ ಖಾಲಿ ಗೋಡೌನಿಗೆ ಹಾಕಿದ್ದು.

ಕೊಟೇಶನ್ ಕೈಗೆ ಬಂದಾಗ ಎಲ್ಲರೂ ಕೆಜಿ ದರವನ್ನೋ ಚದರಡಿ ದರವನ್ನೋ ನೋಡುತ್ತಾರೆ. ನೋಡಬೇಕಾದದ್ದು ಡಿಸೈನ್ ಲೋಡ್ ಎಂಬ ಪಟ್ಟಿ. ಅದರಲ್ಲಿ ಡೆಡ್ ಲೋಡ್ (ಕಟ್ಟಡದ ಸ್ವಂತ ತೂಕ), ಲೈವ್ ಲೋಡ್ (ಬಂದುಹೋಗುವ ಭಾರ), ಗಾಳಿಯ ಜೊತೆಗೆ ಕೊಲ್ಯಾಟರಲ್ ಲೋಡ್ ಎಂದು ಒಂದು ಸಾಲು ಇರಬೇಕು. ಫಾಲ್ಸ್ ಸೀಲಿಂಗ್, ಎಸಿ ಡಕ್ಟ್, ನೀರು ತುಂಬಿದ ಸ್ಪ್ರಿಂಕ್ಲರ್ ಪೈಪು, ಕೇಬಲ್ ಟ್ರೇ, ದೀಪ ಇವೆಲ್ಲ ಛಾವಣಿಗೆ ನೇತುಬೀಳುವ ಭಾರವೇ ಕೊಲ್ಯಾಟರಲ್ ಲೋಡ್. ಈ ಕೊಟೇಶನ್‌ನಲ್ಲಿ ಆ ಸಾಲೇ ಇರಲಿಲ್ಲ. ದೊಡ್ಡ ಅಂಗಡಿಗೆ ಅದು ಚದರ ಮೀಟರಿಗೆ 25ರಿಂದ 40 ಕೆಜಿ ಬರುತ್ತದೆ. 30 ಎಂದೇ ಹಿಡಿಯಿರಿ: 1,800 ಚದರ ಮೀಟರಿಗೆ 54 ಟನ್. ಇಂಥ ಕಟ್ಟಡಕ್ಕೆ ಬಳಸುವ ಉಕ್ಕಿನ ತೂಕವೇ ಹೆಚ್ಚುಕಡಿಮೆ ಅಷ್ಟು. ಫ್ರೇಮ್‌ಗಳ (ಕಂಬ, ತೊಲೆ ಸೇರಿದ ಮುಖ್ಯ ಚೌಕಟ್ಟುಗಳ) ಅಂತರ 7.5 ಮೀಟರ್, ಪರ್ಲಿನ್‌ಗಳ ಅಂತರ 1.5 ಮೀಟರ್ ಇದ್ದರೆ, ಒಂದೊಂದು ಪರ್ಲಿನ್ ತುಂಡಿನ ಮೇಲೂ ಲೆಕ್ಕಕ್ಕೇ ಸಿಗದ ಸುಮಾರು 340 ಕೆಜಿ ಬೀಳುತ್ತದೆ.

"ಲೈವ್ ಲೋಡ್ ಇದೆಯಲ್ಲ ಸಾರ್, ಅದರಲ್ಲೇ ಸರಿಹೋಗುತ್ತೆ" ಎಂದು ಸೇಲ್ಸ್‌ನವರು ಹೇಳುತ್ತಾರೆ. ಒಪ್ಪಬೇಡಿ. ರಿಪೇರಿಗೆ ಹತ್ತುವವರ ಭಾರಕ್ಕೆಂದು ಇಟ್ಟದ್ದು ಅದು. ಕಡಿಮೆ ಇಳಿಜಾರಿನ ಛಾವಣಿಗೆ ಕಟ್ಟಡದ ಮೇಲಿನ ಭಾರಗಳ ಭಾರತೀಯ ಮಾನದಂಡವಾದ ಐಎಸ್ 875ರ ಎರಡನೇ ಭಾಗ ಚದರ ಮೀಟರಿಗೆ 0.75 ಕಿಲೋನ್ಯೂಟನ್ (ಸುಮಾರು 75 ಕೆಜಿ) ಕೇಳುತ್ತದೆ. ಎಷ್ಟೋ ಕೊಟೇಶನ್‌ಗಳಲ್ಲಿ ಅಮೆರಿಕದ ರೀತಿಯಂತೆ 0.57 ಎಂದಿರುತ್ತದೆ, ಅದನ್ನೂ ಪ್ರಶ್ನಿಸಿ.

ನೇತುಹಾಕಿದ ರೀತಿಯೂ ಕೆಟ್ಟದಾಗಿತ್ತು. ಝಡ್ ಪರ್ಲಿನ್‌ನ ಕೆಳ ಅಂಚಿಗೆ ಕ್ಲಿಪ್ ಸಿಕ್ಕಿಸಿ ರಾಡ್ ಇಳಿಬಿಟ್ಟರೆ ಪರ್ಲಿನ್ ತಿರುಚಿಕೊಳ್ಳುತ್ತದೆ. ನಡುವಿನ ನಿಂತ ಭಾಗಕ್ಕೆ, ಅಂದರೆ ವೆಬ್‌ಗೆ, ಬೋಲ್ಟ್ ಹಾಕಿ ಅಲ್ಲಿಂದ ನೇತುಹಾಕಬೇಕು. ಮುಖ್ಯ ಡಕ್ಟಿನಂಥ ಭಾರಕ್ಕೆ ಎರಡು ಫ್ರೇಮ್‌ಗಳ ನಡುವೆ ಪ್ರತ್ಯೇಕ ತೊಲೆ ಬೇಕು. ಇನ್ನೂ ಅಪಾಯದ ಕೆಲಸವೆಂದರೆ, ಡಕ್ಟಿಗೆ ಅಡ್ಡ ಬಂತೆಂದು ರಾಫ್ಟರಿನ (ಛಾವಣಿಯ ಮುಖ್ಯ ತೊಲೆಯ) ಕೆಳ ಫ್ಲ್ಯಾಂಜಿನಿಂದ, ಅಂದರೆ ಕೆಳ ಅಂಚಿನ ಪಟ್ಟಿಯಿಂದ, ಪರ್ಲಿನ್‌ಗೆ ಓರೆಯಾಗಿ ಹೋಗುವ ಸಣ್ಣ ಆಂಗಲ್‌ಗಳನ್ನು ಬಿಚ್ಚಿದ್ದು. ಅವು ಫ್ಲ್ಯಾಂಜ್ ಬ್ರೇಸ್. ನೋಡಲು ಬೇಡದ ತುಂಡಿನಂತಿದ್ದರೂ ಒತ್ತಡ ಬಿದ್ದಾಗ ರಾಫ್ಟರ್ ಪಕ್ಕಕ್ಕೆ ಹೊರಳದಂತೆ ಹಿಡಿಯುವುದು ಅವೇ. ಒಂದನ್ನೂ ಮುಟ್ಟಲು ಬಿಡಬೇಡಿ.

ಇನ್ನು ಗಾಳಿ. ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಉಳಿದ ಗುಣಾಂಕಗಳನ್ನು ಬದಿಗಿಟ್ಟರೆ 33ಕ್ಕೆ ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತಡ. ಗೋಡೆಯಲ್ಲಿ ತೆರಪು ಶೇ 5ಕ್ಕಿಂತ ಕಡಿಮೆ ಇದ್ದರೆ ಒಳಗಿನ ಒತ್ತಡದ ಗುಣಾಂಕ, ಅಂದರೆ ಆ ಗಾಳಿ ಒತ್ತಡದಲ್ಲಿ ಒಳಗಿನಿಂದ ತಳ್ಳುವ ಪಾಲು, 0.2, ಶೇ 20 ದಾಟಿದರೆ 0.7. ಗೋಡೌನಿಗೆ 0.2 ಹಿಡಿದಿದ್ದರು. ಅಂಗಡಿಯ ಮುಂಭಾಗದಲ್ಲಿ ಅಗಲವಾದ ಶಟರ್, ಮೇಲೆ ಗಾಜು. ಶಟರ್ ತೆರೆದಿದ್ದಾಗ ಗಾಳಿ ಒಳನುಗ್ಗಿದರೆ ಛಾವಣಿಯನ್ನು ಒಳಗಿನಿಂದ ಎತ್ತುವ ಬಲ ಚದರ ಮೀಟರಿಗೆ 13 ಕೆಜಿಯಿಂದ 46ಕ್ಕೆ ಏರುತ್ತದೆ. ಹೊರಗಿನ ಸೆಳೆತ ಬೇರೆ. ಶೀಟು, ಪರ್ಲಿನ್ ಸೇರಿಸಿದರೂ ಛಾವಣಿಯ ತೂಕ 10 ಕೆಜಿ ಆಸುಪಾಸು ಅಷ್ಟೆ.

ಗಾಜಿನ ಬಾಗಿಲಿಗೆ ಅಡ್ಡವೆಂದು ಗೋಡೆಯ ಕತ್ತರಿ ಬ್ರೇಸಿಂಗ್ (ಕಟ್ಟಡ ವಾಲದಂತೆ ಹಿಡಿಯುವ ಎಕ್ಸ್ ಆಕಾರದ ಸರಳು) ಕೂಡ ತೆಗೆಸಿದ್ದರು. ಅಲ್ಲಿ ದಾರಿ ಬೇಕಿದ್ದರೆ ಅದರ ಬದಲಿಗೆ ನಡುವೆ ದಾರಿ ಬಿಡುವ ಚೌಕಟ್ಟನ್ನು, ಅಂದರೆ ಪೋರ್ಟಲ್ ಫ್ರೇಮನ್ನು, ಮೊದಲೇ ಕೇಳಬೇಕು.

ಹೆಚ್ಚುವರಿ ಭಾರ ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಲಾಟ್ವಿಯಾದ ರೀಗಾದಲ್ಲಿ ನಡೆದದ್ದನ್ನು ನೆನೆಯಿರಿ. 2013ರ ನವೆಂಬರ್ 21ರಂದು ಅಲ್ಲಿನ ಮಾಕ್ಸಿಮಾ ಸೂಪರ್‌ಮಾರ್ಕೆಟ್‌ನ ಛಾವಣಿ ಕುಸಿದು 54 ಜನ ಸತ್ತರು. ಛಾವಣಿ ಹೊರುವ ಉಕ್ಕಿನ ಟ್ರಸ್‌ನ (ತ್ರಿಕೋನ ಜಾಲದ ತೊಲೆಯ) ಬೋಲ್ಟ್ ಜೋಡಣೆಯ ವಿನ್ಯಾಸವೇ ತಪ್ಪಾಗಿತ್ತು, ಅದರ ಮೇಲೆ ಛಾವಣಿ ತೋಟಕ್ಕೆಂದು ಮಣ್ಣು ಹೇರುತ್ತಿದ್ದರು. ಅಂಗಡಿಯ ಛಾವಣಿಯ ಕೆಳಗೆ ಸಂಜೆ ಹೊತ್ತು ನೂರಾರು ಜನ ಇರುತ್ತಾರೆ. ಗೋಡೌನಿಗೂ ಅಂಗಡಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ಒಪ್ಪಂದದಲ್ಲಿ ಬರೆಸಬೇಕಾದದ್ದು: ಕೊಲ್ಯಾಟರಲ್ ಲೋಡ್ ಎಷ್ಟು, ಸೋಲಾರ್ ಹಾಕುವ ಯೋಚನೆಯಿದ್ದರೆ ಅದಕ್ಕೆ ಚದರ ಮೀಟರಿಗೆ ಬೇರೆ 15 ಕೆಜಿ, ತೆರಪುಗಳ ಅಳತೆ, ಹಿಡಿದ ಗಾಳಿ ಗುಣಾಂಕ. ಶೀಟಿನ ದಪ್ಪ 0.5 ಎಂದರೆ ಲೇಪನ ಸೇರಿಯೋ, ಬರೀ ಉಕ್ಕೋ ಕೇಳಿ. ಲೇಪನ ಸೇರಿ 0.5 ಆದರೆ ಒಳಗಿನ ಉಕ್ಕು ಸುಮಾರು 0.45 ಮಿಮೀ. ಎಸಿಯವರ, ಸ್ಪ್ರಿಂಕ್ಲರ್‌ನವರ ಲೇಔಟ್ ಪಿಇಬಿ ಡಿಸೈನರ್ ಕೈಸೇರಿದ ಮೇಲೆಯೇ ಫ್ಯಾಬ್ರಿಕೇಶನ್‌ಗೆ ಸಹಿ ಹಾಕಿ. ಲೆಕ್ಕದ ಹಾಳೆಗಳನ್ನು ಕಂಪನಿಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಶೆಡ್ ಈಗಾಗಲೇ ನಿಂತಿದ್ದರೆ, ಲೆಕ್ಕ ಆಗುವ ತನಕ ಛಾವಣಿಗೆ ಏನನ್ನೂ ನೇತುಹಾಕಬೇಡಿ. ಈ ಅಂಗಡಿಯಲ್ಲಿ ಸೀಲಿಂಗ್, ಡಕ್ಟ್ ಎಲ್ಲ ಇಳಿಸಿ, ಪರ್ಲಿನ್‌ಗಳ ನಡುವೆ ಇನ್ನೊಂದೊಂದು ಸಾಲು ಸೇರಿಸಿ, ಫ್ಲ್ಯಾಂಜ್ ಬ್ರೇಸ್ ವಾಪಸ್ ಹಾಕಿ, ರಾಫ್ಟರುಗಳನ್ನು ಮತ್ತೆ ಲೆಕ್ಕಹಾಕಿ ಬಲಪಡಿಸಬೇಕಾಯಿತು.