ಅವೆನ್ಯೂ ರಸ್ತೆಯ ರಿಜಿಸ್ಟರ್ ಅಂಗಡಿ: ಐದಕ್ಕೆ ನಾಲ್ಕೂವರೆ

2007ರಲ್ಲಿ ಹಳೇ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿ ಸೇರಿ ಬಿಬಿಎಂಪಿ ಆದಾಗ ನಾನು ಒಂದು ನಗರಸಭೆಯ ಲೆಕ್ಕಪತ್ರ ಶಾಖೆಯಲ್ಲಿದ್ದೆ. ಒಂದೊಂದು ಕಡೆಗೆ ಒಂದೊಂದು ಬ್ಯಾಂಕ್ ಖಾತೆ, ಒಂದೊಂದು ರೂಢಿ, ಜೊತೆಗೆ ಹಳೇ ಗುತ್ತಿಗೆದಾರರ ಬಾಕಿ. ಖರ್ಚಿನ ಹಿಡಿತ ತಪ್ಪುವುದು ಚೆಕ್ ಬರೆಯುವಾಗ ಅಲ್ಲ, ಕಾರ್ಯಾದೇಶಕ್ಕೆ (ಕೆಲಸ ಶುರು ಮಾಡಿ ಅಂತ ಗುತ್ತಿಗೆದಾರರಿಗೆ ಕೊಡುವ ಆದೇಶ) ಸಹಿ ಬೀಳುವಾಗ ಅಂತ ಆಗಲೇ ಕಲಿತೆ. ಬಿಲ್ಲು ಬಂದಮೇಲೆ ಮಾತ್ರ ಪುಸ್ತಕಕ್ಕೆ ಏರಿಸಿದರೆ ಅನುದಾನ ಇನ್ನೂ ಉಳಿದ ಹಾಗೆ ಕಾಣುತ್ತದೆ. ಅದರ ಮೇಲೆ ಮತ್ತೊಂದು ಚರಂಡಿ ಮಂಜೂರಾಗುತ್ತದೆ.

ಅದಕ್ಕೇ ಈ ಅಂಗಡಿಯಲ್ಲಿ ರಿಜಿಸ್ಟರಿಗೆ ನನಗೆ ಬೇಕಾದ ಹಾಗೆ ಗೆರೆ ಹಾಕಿಸಿದ್ದೆ: ಅನುದಾನ, ಕಾರ್ಯಾದೇಶದ ಮೊತ್ತ, ಪಾವತಿ, ಉಳಿಕೆ. ಕಾರ್ಯಾದೇಶ ಹೊರಟ ದಿನವೇ ಉಳಿಕೆಯಿಂದ ಕಳೆಯಬೇಕು. ಪಾವತಿಯಾದಾಗ ಎರಡನೇ ಸಲ ಕಳೆಯಬಾರದು. ಹಳೇ ಬಾಕಿಗೆ ಬೇರೆಯದೇ ಪುಟ, ಇಲ್ಲದಿದ್ದರೆ ಅದು ಹೊಸ ವರ್ಷದ ದುಡ್ಡನ್ನು ನುಂಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ಅದೇ ನಗರ ಐದು ಪಾಲಿಕೆಗಳಾಯಿತು. ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ. ಆದರೂ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಮನೆ ಹುಡುಗಿಗೆ ಕೈಯಲ್ಲಿ ಬರೆದೇ ಕಲಿಸಬೇಕು ಅನ್ನಿಸಿ ಮತ್ತೆ ಹೋದೆ. ಕ್ಯಾಲಿಕೋ ಬಟ್ಟೆಯ ಬೆನ್ನು, ನೂಲಿನ ಹೊಲಿಗೆ, ಪುಟ ಸಂಖ್ಯೆ ಅಚ್ಚು ಹಾಕಿದ 200 ಪುಟ. ಪುಟ ಹರಿದರೆ ತಕ್ಷಣ ಗೊತ್ತಾಗುತ್ತದೆ, ನನಗೆ ಅದೇ ಮುಖ್ಯ. ಹೇಳಿದ ದಿನಕ್ಕಿಂತ ನಾಲ್ಕು ದಿನ ತಡ ಮಾಡಿದರು, ಅದಕ್ಕೆ ಅರ್ಧ ನಕ್ಷತ್ರ ಕಡಿಮೆ. ಶನಿವಾರ ಹೋಗಬೇಡಿ, ನಿಲ್ಲಲೂ ಜಾಗ ಇರುವುದಿಲ್ಲ.